ಹೈಬ್ರಿಡ್ ಕಾರಿನ ಕೆಂಪು ದೀಪ: ಕೋಡ್ ಕೊಡೋದು ವಿಳಾಸ ಮಾತ್ರ

ಮೊದಲೇ ಹೇಳಿಬಿಡ್ತೀನಿ, ನಾನು ಬಿಕಾಂ ಓದಿದವನು, ಸ್ಪ್ಯಾನರ್ ಹಿಡಿದವನಲ್ಲ. ಆದ್ರೂ ಇವತ್ತು ಕಾರಿನ ಕಥೆ. ಯಾಕಂದ್ರೆ ಹೋದ ತಿಂಗಳು ಅದು ನಮ್ಮ ಮನೆಗೇ ಬಂತು.

ನಮ್ಮ ದೊಡ್ಡಮ್ಮನ ಮಗ ತುಮಕೂರಿನಿಂದ ಏರ್‌ಪೋರ್ಟ್‌ಗೆ ಬಾಡಿಗೆ ಓಡಿಸ್ತಾನೆ. ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರು, ಸಾಲ ಇನ್ನೂ ಎರಡು ವರ್ಷ ಬಾಕಿ. ಒಂದು ರಾತ್ರಿ ನೆಲಮಂಗಲ ಟೋಲ್ ಹತ್ರ ಡ್ಯಾಶ್‌ಬೋರ್ಡ್ ಮೇಲೆ ಕೆಂಪು ತ್ರಿಕೋನ ಬಂತು. ಆಕ್ಸಿಲರೇಟರ್ ಎಷ್ಟು ಒತ್ತಿದ್ರೂ ಗಾಡಿ ತೆವಳೋದು ಅಷ್ಟೇ. ಪ್ಯಾಸೆಂಜರನ್ನ ಬೇರೆ ಕ್ಯಾಬ್ ಹತ್ತಿಸಿ, ಟೋ ಮಾಡಿಸಿಕೊಂಡು ವಾಪಸ್ ಬಂದ. ಬೆಳಗ್ಗೆ ನೋಡಿದ್ರೆ ಕಾರು ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಯ್ತು!

ಒಂದು ವರ್ಕ್‌ಶಾಪ್‌ನಲ್ಲಿ ಸ್ಕ್ಯಾನರ್ ಹಾಕಿದ್ರು. ಬಂದ ಕೋಡ್ ಪಿ0ಎ60. ಡ್ರೈವ್ ಮೋಟಾರಿನ ವಿ ಫೇಸ್ ಕರೆಂಟ್‌ನಲ್ಲಿ ತೊಂದರೆ ಅಂತ ಅರ್ಥ. "ಸೆನ್ಸರ್ ಹೋಗಿದೆ, ಅದು ಇನ್ವರ್ಟರ್ ಒಳಗಿರೋದು, ಬಿಡಿಯಾಗಿ ಸಿಗಲ್ಲ, ಇಡೀ ಇನ್ವರ್ಟರ್ ಬದಲಿಸಬೇಕು" ಅಂದ್ರು. ಎಸ್ಟಿಮೇಟ್ ಅಣ್ಣನ ಏಳು ಕಂತಿನಷ್ಟು. ನನಗೆ ಫೋನ್ ಮಾಡಿ "ಲೋ, ಇನ್ನೊಂದು ಲೋನ್ ಸಿಗುತ್ತಾ ನೋಡೋ" ಅಂದ. ಆ ಧ್ವನಿ ಕೇಳಿಯೇ ನಾನು ಇದರ ಹಿಂದೆ ಬಿದ್ದಿದ್ದು.

ಈ ಸೆನ್ಸರ್ ಏನು ಮಾಡುತ್ತೆ? ಬ್ಯಾಟರಿಯಿಂದ ಬರೋದು ಡಿಸಿ. ಇನ್ವರ್ಟರ್ ಅದನ್ನ ಯು, ವಿ, ಡಬ್ಲ್ಯೂ ಅಂತ ಮೂರು ಫೇಸ್ ಎಸಿ ಮಾಡಿ ಮೋಟಾರಿಗೆ ಕಳಿಸುತ್ತೆ. ಆ ಫೇಸ್‌ಗಳಲ್ಲಿ ಎಷ್ಟು ಕರೆಂಟ್ ಹರೀತಿದೆ ಅಂತ ಸೆನ್ಸರ್ ಅಳೆಯುತ್ತೆ. ಸಾಮಾನ್ಯವಾಗಿ ಹಾಲ್ ಸೆನ್ಸರ್ ಬಳಸ್ತಾರೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮ ಅದು. ತಂತಿಯನ್ನ ಮುಟ್ಟದೇ, ಸುತ್ತಲಿನ ಕಾಂತಕ್ಷೇತ್ರದಿಂದ ಕರೆಂಟ್ ಲೆಕ್ಕ ಹಾಕುತ್ತೆ. ಮೋಟಾರಿನ ಎಳೆತ ಕರೆಂಟ್ ಮೇಲೇ ನಿಂತಿರೋದು. ಅಳತೆ ನಂಬೋ ಹಾಗಿಲ್ಲ ಅನ್ನಿಸಿದ ಕೂಡಲೇ ಕಂಪ್ಯೂಟರ್ ಶಕ್ತಿ ಕಡಿತ ಮಾಡಿಬಿಡುತ್ತೆ. ಕಾರು ತೆವಳಿದ್ದು ಅದಕ್ಕೇ.

ನನ್ನಂಥ ಕಾಮರ್ಸ್‌ನವರಿಗೆ ಇಲ್ಲೊಂದು ಖುಷಿಯ ವಿಷಯ. ಯಾವುದೇ ಕ್ಷಣದಲ್ಲಿ ಮೂರೂ ಫೇಸ್‌ಗಳ ಕರೆಂಟ್ ಕೂಡಿದ್ರೆ ಮೊತ್ತ ಸೊನ್ನೆ ಬರಬೇಕು. ಥೇಟ್ ಟ್ರಯಲ್ ಬ್ಯಾಲೆನ್ಸ್! ಕೆಲವು ಕಾರುಗಳಲ್ಲಿ ಎರಡು ಫೇಸ್ ಮಾತ್ರ ಅಳೆದು ಮೂರನೆಯದನ್ನ ಈ ಲೆಕ್ಕದಿಂದಲೇ ತೆಗೀತಾರೆ. ಮೂರನ್ನೂ ಅಳೆಯೋ ಕಡೆ ತಾಳೆ ಆಗದಿದ್ರೆ ಕೋಡ್. ಆದ್ರೆ ಟ್ರಯಲ್ ಬ್ಯಾಲೆನ್ಸ್ ತಾಳೆ ಆಗ್ಲಿಲ್ಲ ಅಂತ ಯಾರೂ ಗುಮಾಸ್ತನ್ನ ಕೆಲಸದಿಂದ ತೆಗೆಯಲ್ಲ, ಅಲ್ವಾ? ಮೊದಲು ವೋಚರ್ ನೋಡ್ತಾರೆ. ಇಲ್ಲೂ ಹಾಗೇ. ಸೆನ್ಸರೇ ಕೆಟ್ಟಿರಬಹುದು. ಸೆನ್ಸರ್ ಸರಿ ಇದ್ದು, ಸಿಗ್ನಲ್ ಒಯ್ಯೋ ತಂತಿ ಅಥವಾ ಕನೆಕ್ಟರ್ ಕೆಟ್ಟಿರಬಹುದು. ಅಥವಾ ಎರಡೂ ಸರಿ ಇದ್ದು ಕರೆಂಟೇ ನಿಜವಾಗಿ ತಪ್ಪಿರಬಹುದು, ಉದಾಹರಣೆಗೆ ಮೋಟಾರಿನ ವೈಂಡಿಂಗ್ ಶಾರ್ಟ್ ಆಗಿದ್ರೆ. ಈ ಮೂರನೆಯದಿದ್ದಾಗ ಹೊಸ ಇನ್ವರ್ಟರ್ ಹಾಕಿದ್ರೆ ಅದೂ ಕೆಡುವ ಅಪಾಯ ಇದೆ.

ಅಣ್ಣನಿಗೆ ಪರಿಚಯದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ರು, ಹೈಬ್ರಿಡ್ ಕೆಲಸ ಕಲಿತವರು. ಅವರು ಮೊದಲು ಕೇಳಿದ್ದು ಫ್ರೀಜ್ ಫ್ರೇಮ್. ಕೋಡ್ ಬಿದ್ದ ಕ್ಷಣದ ವೇಗ, ಬಿಸಿ ಇವೆಲ್ಲ ದಾಖಲಾಗಿರೋ ಚಿತ್ರ ಅದು. ಮೊದಲಿನ ವರ್ಕ್‌ಶಾಪ್‌ನವರು ಕೋಡ್ ಅಳಿಸಿಬಿಟ್ಟಿದ್ರು, ಜೊತೆಗೆ ಅದೂ ಹೋಗಿತ್ತು. ಹೊಟ್ಟೆ ಉರೀತು ನನಗೆ. ಅಳಿಸೋ ಮುಂಚೆ ಮೊಬೈಲಲ್ಲಿ ಒಂದು ಫೋಟೋ ತೆಗೀರಿ ಸಾಕು.

ಮೇಷ್ಟ್ರು (ನಾನು ಅವರನ್ನ ಹಾಗೇ ಕರೆಯೋಕೆ ಶುರು ಮಾಡಿದ್ದೆ) ಕಾರು ನಿಲ್ಲಿಸಿಯೇ ಆನ್ ಮಾಡಿದ್ರು. ಚಕ್ರ ತಿರುಗ್ತಿಲ್ಲ, ಮೋಟಾರಿಗೆ ಕೆಲಸ ಇಲ್ಲ, ಅಂದ್ರೆ ಎಲ್ಲಾ ಫೇಸ್ ಸೊನ್ನೆ ಹತ್ರ ಇರಬೇಕು. ಕಂಟ್ರೋಲ್ ಯುನಿಟ್ ಕಡೆಯ ಕಡಿಮೆ ವೋಲ್ಟೇಜ್ ತಂತಿಗಳಲ್ಲಿ ಮೀಟರ್ ಹಿಡಿದ್ರೆ ಡಬ್ಲ್ಯೂ ಫೇಸ್ ಸಿಗ್ನಲ್ ಅಲುಗಾಡದೆ ನಿಂತಿತ್ತು. ವಿ ಫೇಸ್ ಮಾತ್ರ, ತಂತಿಯ ಕಟ್ಟನ್ನ ಮೆಲ್ಲಗೆ ಅಲ್ಲಾಡಿಸಿದಾಗೆಲ್ಲ ಹಾರ್ತಿತ್ತು.

ಆಮೇಲೆ ಕಾರು ಆಫ್ ಮಾಡಿ, ಕೈಗೆ 1000 ವೋಲ್ಟ್ ತಡೆಯೋ ಗ್ಲೌಸ್ ಹಾಕಿಕೊಂಡು, ಸರ್ವಿಸ್ ಪ್ಲಗ್ ಎಳೆದು 10 ನಿಮಿಷ ಸುಮ್ಮನೆ ಕೂತರು. ಇನ್ವರ್ಟರ್ ಒಳಗಿನ ಕೆಪಾಸಿಟರ್ ಖಾಲಿ ಆಗಬೇಕಲ್ಲ. ವೋಲ್ಟೇಜ್ ಸೊನ್ನೆ ಅಂತ ಅಳೆದು ನೋಡಿದ ಮೇಲೇ ಕೈ ಹಾಕಿದ್ದು. ಕಿತ್ತಳೆ ಬಣ್ಣದ ಕೇಬಲ್ ಕಂಡ್ರೆ ನೀವು ಕೈ ಹಾಕಲೇಬೇಡಿ. ಯೂಟ್ಯೂಬ್ ನೋಡಿ ಮಾಡೋ ಕೆಲಸ ಅಲ್ಲ ಅದು, ಜೀವ ಹೋಗುತ್ತೆ.

ಮೋಟಾರಿನ ವೈಂಡಿಂಗ್ ಮೂರೂ ಒಂದೇ ಅಳತೆ, ಬಾಡಿಗೆ ಸೋರಿಕೆ ಇಲ್ಲ. ಕನೆಕ್ಟರ್ ಬಿಚ್ಚಿದ್ರೆ ಒಂದು ಪಿನ್ ಮೇಲೆ ಹಸಿರು ಕಿಲುಬು. ನೀರು ಇಳಿದಿತ್ತು. ಸ್ವಚ್ಛ ಮಾಡಿ, ಆ ಪಿನ್ ಬದಲಿಸಿದ್ರು. ಬಿಲ್ ಅಣ್ಣನ ಎರಡು ದಿನದ ಬಾಡಿಗೆಗಿಂತ ಕಡಿಮೆ.

ಇದು ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲ. ಕೆಲವು ಹೊಸ ಮಾದರಿಗಳಲ್ಲಿ ಸೆನ್ಸರ್, ಕಂಟ್ರೋಲರ್ ಎಲ್ಲ ಒಂದೇ ಡಬ್ಬಿಯೊಳಗೆ ಇರುತ್ತೆ, ಅಲ್ಲಿ ಪೂರ್ತಿ ಯುನಿಟ್ ಬದಲಿಸೋದೇ ದಾರಿ ಆಗಬಹುದು. ಆದ್ರೆ "ಕನೆಕ್ಟರ್ ನೋಡಿದ್ರಾ? ವೈಂಡಿಂಗ್ ಅಳೆದ್ರಾ? ರೀಡಿಂಗ್ ತೋರಿಸಿ" ಅಂತ ಕೇಳೋಕೆ ಕಾಸು ಕೊಡಬೇಕಾಗಿಲ್ಲ.

ಮೂರು ವಾರ ಆಯ್ತು, ದೀಪ ಮತ್ತೆ ಬಂದಿಲ್ಲ. ಮೇಷ್ಟ್ರು ಗ್ಯಾರಂಟಿ ಏನೂ ಕೊಟ್ಟಿಲ್ಲ, "ಮಳೆಗಾಲ ಕಳೀಲಿ, ನೋಡೋಣ" ಅಂದಿದ್ದಾರೆ. ಅಣ್ಣ ನಿನ್ನೆ ರಾತ್ರಿ ಟೋಲ್ ದಾಟಿದ ಮೇಲೆ ಮೆಸೇಜ್ ಹಾಕಿದ್ದ: "ದೀಪ ಇಲ್ಲ ಕಣೋ."