ದ್ರಾಕ್ಷಿಯ ಸಕ್ಕರೆ ಎಲ್ಲಿ ಹೋಯಿತು?

ನಾಸಿಕದಿಂದ ಮುಂಬಯಿ–ಆಗ್ರಾ ಹೆದ್ದಾರಿ ಹಿಡಿದು ಈಶಾನ್ಯಕ್ಕೆ ಅರವತ್ತು ಚಿಲ್ಲರೆ ಕಿಲೋಮೀಟರು ಹೋದರೆ ಸಾತಮಾಳಾ ಬೆಟ್ಟಸಾಲಿನ ಮಗ್ಗುಲಲ್ಲಿ ಚಾಂದವಡ್ ಸಿಗುತ್ತದೆ. ಬೆಟ್ಟದ ಮೇಲೊಂದು ಕೋಟೆ, ಊರೊಳಗೆ ಹೋಳ್ಕರರ ರಂಗಮಹಲು, ಊರಿನ ಹತ್ತಿರವೇ ರೇಣುಕಾದೇವಿಯ ಗುಡಿ. ಕನ್ನಡಿಗರಿಗೆ ಇದು ತೀರ ಪರಸ್ಥಳವಲ್ಲ. ಕನ್ನಡದಲ್ಲಿ ಹೇರಳವಾಗಿ ಶಾಸನ ಬರೆಸಿದ ಸೇವುಣರು ಇಂದಿನ ಛತ್ರಪತಿ ಸಂಭಾಜಿನಗರದ ಬಳಿಯ ದೇವಗಿರಿಗೆ ನೆಲೆ ಬದಲಿಸುವುದಕ್ಕೆ ಬಹು ಹಿಂದೆ, ಅವರ ಮೂಲಪುರುಷ ದೃಢಪ್ರಹಾರ ಚಂದ್ರಾದಿತ್ಯಪುರದಲ್ಲಿದ್ದ. ಆ ಚಂದ್ರಾದಿತ್ಯಪುರವೇ ಚಾಂದವಡ್ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಇಂದು ಈ ಸೀಮೆಯ ಹೊಲಗಳಲ್ಲಿ ಕಾಣುವುದು ಸಜ್ಜೆ, ಈರುಳ್ಳಿ ಮತ್ತು ದ್ರಾಕ್ಷಿ. ಸಜ್ಜೆ ತಟ್ಟೆಗೆ ಬರುತ್ತದೆ; ದ್ರಾಕ್ಷಿಯಲ್ಲಿ ಒಂದು ಪಾಲು ಲೋಟಕ್ಕೂ ಬರುತ್ತದೆ. ಇವತ್ತಿನ ಮಾತು ಈ ತಟ್ಟೆ ಮತ್ತು ಲೋಟದ ಸಂಬಂಧದ ಮೇಲೆ. ಅನ್ನ, ರೊಟ್ಟಿ, ಸಕ್ಕರೆಗಳನ್ನು ಕಡಿಮೆ ಮಾಡುವ ಪಥ್ಯವನ್ನು ಈಗ ಎಲ್ಲರೂ ಲೋ ಕಾರ್ಬ್ ಎನ್ನುತ್ತಾರೆ. ಅದನ್ನು ಶುರು ಮಾಡಿದವರು ಬಹುಬೇಗ ಕೇಳುವ ಪ್ರಶ್ನೆ ಒಂದಿದೆ: ಆಗೀಗ ಒಂದು ಲೋಟ ತೆಗೆದುಕೊಳ್ಳಬಹುದೇ, ಯಾವುದರಲ್ಲಿ ಶರ್ಕರಪಿಷ್ಟ ಕಡಿಮೆ? ಪ್ರಶ್ನೆ ಪ್ರಾಮಾಣಿಕವಾದದ್ದೇ. ಆದರೆ ಅದು ಲೆಕ್ಕದ ಅರ್ಧವನ್ನಷ್ಟೇ ಕೇಳುತ್ತದೆ.

ಮಿಕ್ಕ ಅರ್ಧ ಕಾಣಬೇಕಾದರೆ ನಾಸಿಕದ ದ್ರಾಕ್ಷಿತೋಟದಿಂದಲೇ ಹೊರಡಬೇಕು. ಮಹಾರಾಷ್ಟ್ರ ಸರ್ಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣೆಗೆ ನೀತಿಯೊಂದನ್ನು ತಂದಿತು. ಅದಕ್ಕೂ ಮೊದಲೇ, 1999ರಲ್ಲಿ, ಸುಲಾ ವೈನ್ ಘಟಕ ನಾಸಿಕದಲ್ಲಿ ತಲೆಯೆತ್ತಿತ್ತು. ಕರ್ನಾಟಕ 2007ರಲ್ಲಿ ತನ್ನದೇ ವೈನ್ ನೀತಿ ಮಾಡಿಕೊಂಡಿತು. ವೈನಿಗೆಂದು ಬೆಳೆದ ದ್ರಾಕ್ಷಿಯನ್ನು ಚಳಿಗಾಲ ಮುಗಿಯುವ ಹೊತ್ತಿಗೆ ಕೊಯ್ದು ಹಿಂಡಿದರೆ, ಒಂದು ಲೀಟರ್ ರಸದಲ್ಲಿ ಸುಮಾರು 220 ಗ್ರಾಂ ಸಕ್ಕರೆ ಇರುತ್ತದೆ. ಲೋ ಕಾರ್ಬ್ ಪಥ್ಯದವರು ಆ ರಸವನ್ನು ಮುಟ್ಟುವಂತಿಲ್ಲ. ಯೀಸ್ಟ್ ಬೆರೆತು ರಸ ಹುದುಗುತ್ತದೆ. ಸಕ್ಕರೆ ಒಡೆದು ಮದ್ಯಸಾರವೂ ಇಂಗಾಲದ ಡೈ ಆಕ್ಸೈಡೂ ಆಗುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಶೇ. 1ರಷ್ಟು ಮದ್ಯಸಾರ ಹುಟ್ಟುತ್ತದೆ. ಪೂರ್ತಿ ಹುದುಗಿದ ವೈನಿನಲ್ಲಿ ಲೀಟರಿಗೆ ನಾಲ್ಕು ಗ್ರಾಮಿನ ಆಸುಪಾಸು ಮಾತ್ರ ಸಕ್ಕರೆ ಉಳಿದು, ಮದ್ಯಸಾರ ಶೇ. 13ರ ಹತ್ತಿರ ಬಂದು ನಿಲ್ಲುತ್ತದೆ. ಶರ್ಕರಪಿಷ್ಟದ ಪಟ್ಟಿಯಲ್ಲಿ ನೋಡಿದರೆ ಸಕ್ಕರೆ ಮಾಯವಾಗಿದೆ. ಶಕ್ತಿಯೂ ಮಾಯವಾಯಿತೇ? ಲೆಕ್ಕ ಹಾಕೋಣ. ಸಕ್ಕರೆ ಗ್ರಾಮಿಗೆ 4 ಕ್ಯಾಲರಿ ಕೊಡುತ್ತದೆ, ಅಂದರೆ ಲೀಟರ್ ರಸದಲ್ಲಿ ಇದ್ದದ್ದು 880. ಮದ್ಯಸಾರ ಗ್ರಾಮಿಗೆ 7 ಕ್ಯಾಲರಿ, ಶೇ. 13 ಎಂದರೆ ಲೀಟರಿಗೆ ಸುಮಾರು 103 ಗ್ರಾಂ, ಅದರಲ್ಲಿರುವುದು 720 ಕ್ಯಾಲರಿ. ಸಕ್ಕರೆ ಹೋಯಿತು, ಅದರ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಹೆಸರು ಬದಲಿಸಿಕೊಂಡು ಲೋಟದಲ್ಲೇ ಕೂತಿದೆ.

ಯಾವುದರಲ್ಲಿ ಕಡಿಮೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟುಬಿಡುವುದು ಕಷ್ಟವಲ್ಲ. ಸಿಹಿಯಿಲ್ಲದ ವೈನಿನ 150 ಮಿಲಿಲೀಟರ್ ಲೋಟದಲ್ಲಿ, ಉಳಿದ ಸಕ್ಕರೆಯ ಜೊತೆಗೆ ಬೇರೆ ಅಂಶಗಳನ್ನೂ ಸೇರಿಸಿ, ಪಟ್ಟಿಗಳು ತೋರಿಸುವ ಶರ್ಕರಪಿಷ್ಟ ಮೂರ್ನಾಲ್ಕು ಗ್ರಾಂ. ವಿಸ್ಕಿ, ರಮ್, ಬ್ರಾಂದಿ, ಜಿನ್‌ಗಳಲ್ಲಿ ಇಲ್ಲವೆಂದರೂ ಸರಿಯೇ. 650 ಮಿಲಿಲೀಟರಿನ ಬಿಯರ್ ಬಾಟಲಿಯಲ್ಲಿ ಇಪ್ಪತ್ತು ಗ್ರಾಮಿನ ಆಸುಪಾಸು. ಸಿಹಿ ವೈನು, ಸೋಡಾದ ಬದಲು ಕೋಲಾ, ಹಣ್ಣಿನ ರಸ ಬೆರೆಸಿದ ಕಾಕ್‌ಟೇಲು, ಇವುಗಳಲ್ಲಿ ಇನ್ನೂ ಹೆಚ್ಚು. ಈಗ ಲೆಕ್ಕದ ಇನ್ನೊಂದು ಕಡೆ ನೋಡಿ. ನಮ್ಮ ದೇಶದ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇ. 42.8 ಮದ್ಯಸಾರ. 60 ಮಿಲಿಲೀಟರಿನ ಎರಡು ದೊಡ್ಡ ಪೆಗ್ಗುಗಳಲ್ಲಿ ಶರ್ಕರಪಿಷ್ಟ ಸೊನ್ನೆ, ಕ್ಯಾಲರಿ ಸುಮಾರು 280. ಐವತ್ತು ಗ್ರಾಂ ಹಿಟ್ಟಿನ ಜೋಳದ ರೊಟ್ಟಿ ಒಂದೂವರೆ ತಿಂದರೂ ಇಷ್ಟಾಗುವುದಿಲ್ಲ. ರೊಟ್ಟಿಯಲ್ಲಿ ನಾರು ಇದೆ, ಪ್ರೋಟೀನು ಇದೆ, ಹೊಟ್ಟೆ ತುಂಬಿದ ತೃಪ್ತಿ ಇದೆ. ಸೊನ್ನೆಯೆಂಬ ಅಂಕಿಯನ್ನು ನಂಬಿ ರೊಟ್ಟಿ ಬಿಟ್ಟು ಪೆಗ್ ಹಿಡಿದವರಿಗೆ ಇವು ಯಾವುವೂ ದಕ್ಕುವುದಿಲ್ಲ.

ಕ್ಯಾಲರಿಯ ಮಾತನ್ನು ಇಲ್ಲಿಗೇ ಬಿಟ್ಟುಬಿಡಬಹುದಿತ್ತು; ಅದಕ್ಕಿಂತ ಗಂಭೀರವಾದದ್ದು ಯಕೃತ್ತಿನಲ್ಲಿ ನಡೆಯುತ್ತದೆ. ಲೋ ಕಾರ್ಬ್ ಪಥ್ಯ ದೇಹಕ್ಕೆ ಹೇಳುವುದು ಒಂದೇ ಮಾತು: ಹೊರಗಿನಿಂದ ಸಕ್ಕರೆ ಬರುವುದಿಲ್ಲ, ಒಳಗಿರುವ ಕೊಬ್ಬನ್ನು ಉರಿಸು. ಮದ್ಯಸಾರವನ್ನು ದೇಹ ಕೂಡಿಟ್ಟುಕೊಳ್ಳಲಾರದು, ಅದಕ್ಕೆ ಉಗ್ರಾಣವಿಲ್ಲ. ಅದನ್ನು ಅಸಿಟಾಲ್ಡಿಹೈಡ್ ಮಾಡಿ, ಮತ್ತೆ ಅಸಿಟೇಟ್ ಮಾಡಿ ಉರಿಸಿ ಮುಗಿಸುವವರೆಗೆ ಯಕೃತ್ತು ಉಳಿದ ಕೆಲಸಗಳನ್ನು ಹಿಂದಕ್ಕೆ ತಳ್ಳುತ್ತದೆ. ಹಿಂದಕ್ಕೆ ಬೀಳುವ ಮೊದಲ ಕೆಲಸವೇ ಕೊಬ್ಬಿನ ದಹನ. 1999ರಲ್ಲಿ ಅಮೆರಿಕದ ಸಂಶೋಧಕರು ಆರೋಗ್ಯವಂತ ಗಂಡಸರಿಗೆ 24 ಗ್ರಾಂ ಮದ್ಯಸಾರ, ಎಂದರೆ ನಮ್ಮ ಒಂದು ದೊಡ್ಡ ಪೆಗ್ಗಿಗಿಂತ ತುಸು ಹೆಚ್ಚು, ಕೊಟ್ಟು ಅಳೆದರು. ಮುಂದಿನ ಕೆಲವು ಗಂಟೆಗಳಲ್ಲಿ ದೇಹದ ಕೊಬ್ಬಿನ ದಹನ ಶೇ. 73ರಷ್ಟು ಕುಸಿಯಿತು. ಅದೇ ಅಧ್ಯಯನ ಇನ್ನೊಂದು ಸಂಗತಿಯನ್ನೂ ಕಂಡಿತು: ಕುಡಿದ ಮದ್ಯಸಾರದಲ್ಲಿ ನೇರವಾಗಿ ಕೊಬ್ಬಾಗಿ ಮಾರ್ಪಟ್ಟದ್ದು ಅತ್ಯಲ್ಪ. ಮದ್ಯ ತಾನು ಕೊಬ್ಬಾಗುವುದು ಕಡಿಮೆ, ಇರುವ ಕೊಬ್ಬನ್ನು ಕರಗಗೊಡದಿರುವುದು ಹೆಚ್ಚು. ಪಥ್ಯ ಯಾವ ಬಾಗಿಲನ್ನು ತೆರೆಯಲು ಹೊರಟಿದೆಯೋ ಅದೇ ಬಾಗಿಲಿಗೆ ಲೋಟ ಅಗುಳಿ ಹಾಕುತ್ತದೆ. ವಾರಕ್ಕೊಮ್ಮೆ ಕೆಲವು ಗಂಟೆ ಅಗುಳಿ ಬಿದ್ದರೆ ಪ್ರಪಂಚ ಮುಳುಗುವುದಿಲ್ಲ. ವಾರದಲ್ಲಿ ಐದು ಸಂಜೆ ಬಿದ್ದರೆ ಪಥ್ಯವೆಂಬುದು ಹೆಸರಿಗಷ್ಟೇ.

ಇದಕ್ಕೆ ಆಕ್ಷೇಪ ಎತ್ತುವವರ ಕೈಯಲ್ಲಿ ಒಳ್ಳೆಯ ಸಾಕ್ಷಿಯೇ ಇದೆ. ಲೋ ಕಾರ್ಬ್ ಪಥ್ಯವನ್ನು ಜನಪ್ರಿಯ ಮಾಡಿದ ಮೊದಲ ಪುಸ್ತಿಕೆ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ 1863ರಲ್ಲಿ ಅಚ್ಚು ಹಾಕಿಸಿದ್ದು. ವೈದ್ಯ ವಿಲಿಯಂ ಹಾರ್ವಿಯ ಸಲಹೆಯಂತೆ ಆತ ಬ್ರೆಡ್ಡು, ಸಕ್ಕರೆ, ಹಾಲು, ಆಲೂಗಡ್ಡೆ ಬಿಟ್ಟು ಮಾಂಸ, ಮೀನು, ತರಕಾರಿಗೆ ತಿರುಗಿದ. ಬಿಯರು, ಶಾಂಪೇನು, ಪೋರ್ಟ್ ವೈನು ನಿಷಿದ್ಧ. ಆದರೆ ಊಟದೊಡನೆ ಕ್ಲಾರೆಟ್ ಎಂಬ ಕೆಂಪು ವೈನಿನ ಎರಡು ಮೂರು ಲೋಟಕ್ಕೆ ಅಡ್ಡಿಯಿಲ್ಲ, ಬೇಕೆನಿಸಿದರೆ ಮಲಗುವ ಮುನ್ನ ಸಕ್ಕರೆ ಹಾಕದ ಜಿನ್ನೋ ಬ್ರಾಂದಿಯೋ. ಒಂದು ವರ್ಷದಲ್ಲಿ ಆತನ ತೂಕ 46 ಪೌಂಡು, ಅಂದರೆ ಸುಮಾರು 21 ಕಿಲೋ ಇಳಿಯಿತು. ಹಾಗಾದರೆ ವೈನು ಅಡ್ಡಬರಲಿಲ್ಲವಲ್ಲ ಎನ್ನಬಹುದು. ಬ್ಯಾಂಟಿಂಗನ ಹಳೆಯ ತಟ್ಟೆ ಹೇಗಿತ್ತೆಂದು ಆತನೇ ಹೇಳಿಕೊಂಡಿದ್ದಾನೆ: ಬೆಣ್ಣೆ ಹಚ್ಚಿದ ಬ್ರೆಡ್ಡು, ಸಕ್ಕರೆ ತುಂಬಿದ ಚಹಾ, ಬೇಕಾದಷ್ಟು ಬಿಯರು. ಅದನ್ನೆಲ್ಲ ಬಿಟ್ಟ ಮೇಲೆ ಉಳಿತಾಯ ಎಷ್ಟು ದೊಡ್ಡದೆಂದರೆ ವೈನಿನ ಲೋಟಗಳನ್ನು ಅದು ಹೊತ್ತುಕೊಂಡಿತು. ವೈನಿಲ್ಲದೆ ಇನ್ನೂ ಬೇಗ ಇಳಿಯುತ್ತಿದ್ದನೇ ಎಂದು ಹೋಲಿಸಿ ನೋಡಲು ಎರಡನೆಯ ಬ್ಯಾಂಟಿಂಗ್ ಇರಲಿಲ್ಲ. ಒಬ್ಬನ ಅನುಭವ ದಾರಿ ತೋರಿಸಬಹುದು. ಅದನ್ನೇ ಅಳತೆಗೋಲು ಮಾಡಿಕೊಳ್ಳಲಾಗದು.

ಅದಕ್ಕಿಂತ ಗಟ್ಟಿಯಾದ ಸಾಕ್ಷಿ 2015ರದ್ದು. ಇಸ್ರೇಲಿನಲ್ಲಿ ಟೈಪ್ 2 ಮಧುಮೇಹವಿರುವ 224 ಮಂದಿಯನ್ನು ಮೂರು ಗುಂಪು ಮಾಡಿ, ಎರಡು ವರ್ಷ, ರಾತ್ರಿ ಊಟದೊಡನೆ ಒಂದು ಗುಂಪಿಗೆ 150 ಮಿಲಿಲೀಟರ್ ಕೆಂಪು ವೈನು, ಇನ್ನೊಂದಕ್ಕೆ ಬಿಳಿ ವೈನು, ಮತ್ತೊಂದಕ್ಕೆ ನೀರು ಕೊಟ್ಟರು. ಕೆಂಪು ವೈನಿನವರಲ್ಲಿ ಒಳ್ಳೆಯ ಕೊಲೆಸ್ಟರಾಲ್ ಸ್ವಲ್ಪ ಏರಿತು. ಎದ್ದು ಕಾಣುವ ಹಾನಿ ಯಾರಿಗೂ ಆಗಲಿಲ್ಲ. ಇದನ್ನು ಬದಿಗೆ ಸರಿಸುವುದು ನ್ಯಾಯವಲ್ಲ. ಆದರೆ ಆ ಪ್ರಯೋಗದ ಕಟ್ಟುಪಾಡುಗಳನ್ನು ಗಮನಿಸಬೇಕು: ಒಂದೇ ಲೋಟ, ಅದೂ ಊಟದ ಜೊತೆಗೆ, ತಜ್ಞರ ಕಣ್ಗಾವಲಿನಲ್ಲಿ, ಆರಿಸಿ ತೆಗೆದವರಿಗೆ, ಮೆಡಿಟರೇನಿಯನ್ ಪದ್ಧತಿಯ ಊಟದಲ್ಲಿ. ಖಾಲಿ ಹೊಟ್ಟೆಯಲ್ಲಿ, ಸೇವು ಚಿವಡಾ ಮೆಲ್ಲುತ್ತ, ನಾಲ್ಕು ಜನ ಸೇರಿ ಬಾಟಲಿ ಮುಗಿಸುವ ಸಂಜೆಗೆ ಆ ಫಲಿತಾಂಶವನ್ನು ಹೊಂದಿಸಲಾಗದು. 2022ರ ಜನವರಿಯಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ಸೂಪರ್ ಮಾರ್ಕೆಟ್ಟುಗಳಲ್ಲಿ ವೈನ್ ಮಾರಲು ಒಪ್ಪಿದಾಗ ವೈನು ಮದ್ಯವೇ ಅಲ್ಲವೆಂಬ ಮಾತೂ ಕೇಳಿಬಂತು. ದ್ರಾಕ್ಷಿ ಬೆಳೆಗಾರನ ಕಷ್ಟ ನಿಜ, ಆತನ ಬೆಳೆಗೆ ಬೆಲೆ ಸಿಗಬೇಕೆಂಬುದೂ ನಿಜ. ಯಕೃತ್ತಿಗೆ ಮಾತ್ರ ದ್ರಾಕ್ಷಿಯ ಮದ್ಯಸಾರ, ಕಾಕಂಬಿಯ ಮದ್ಯಸಾರ ಎಂಬ ಭೇದ ತಿಳಿಯದು. ಮದ್ಯವನ್ನು ಕ್ಯಾನ್ಸರಿಗೆ ಖಚಿತ ಕಾರಣಗಳ ಸಾಲಿಗೆ 1988ರಲ್ಲೇ ಸೇರಿಸಲಾಗಿದೆ. ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿಯದವರು ಹೃದಯಕ್ಕೆ ಒಳ್ಳೆಯದೆಂದು ಹೊಸದಾಗಿ ಶುರು ಮಾಡಲು ಕಾರಣವೇ ಇಲ್ಲ.

ಹಾಗೆಂದು ಪಥ್ಯವನ್ನೇ ಶಿಕ್ಷೆಯಾಗಿ ಮಾಡಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ ನಮ್ಮ ಆಹಾರದ ಶಕ್ತಿಯಲ್ಲಿ ಶೇ. 62ರಷ್ಟು ಶರ್ಕರಪಿಷ್ಟದಿಂದಲೇ ಬರುತ್ತಿದೆಯೆಂದು ತೋರಿಸಿದೆ. ದೇಶದಲ್ಲಿ ಹತ್ತು ಕೋಟಿ ಮಂದಿಗೆ ಮಧುಮೇಹವಿದೆಯೆಂದು 2023ರಲ್ಲಿ ಅಂದಾಜು ಮಾಡಿದ್ದೂ ಅದೇ ಅಧ್ಯಯನ. ಇಷ್ಟು ಎತ್ತರದಿಂದ ಇಳಿಯುವವರು ಶರ್ಕರಪಿಷ್ಟಕ್ಕೆ ದಿನಕ್ಕೆ ಇಪ್ಪತ್ತು ಗ್ರಾಮಿನ ಮಿತಿ ಹಾಕುವ ಕೀಟೋ ಪಥ್ಯಕ್ಕೆ ಒಮ್ಮೆಲೇ ಧುಮುಕಬೇಕಿಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡಿನವರು 609 ಮಂದಿಯನ್ನು ಒಂದು ವರ್ಷ ನೋಡಿದಾಗ ಕೊಬ್ಬು ತಗ್ಗಿಸಿದವರ ತೂಕ 5.3 ಕಿಲೋ, ಶರ್ಕರಪಿಷ್ಟ ತಗ್ಗಿಸಿದವರದು 6 ಕಿಲೋ ಇಳಿದಿತ್ತು. ವ್ಯತ್ಯಾಸ ದೊಡ್ಡದಲ್ಲ, ಬಹುಕಾಲ ಪಾಲಿಸಲು ಸಾಧ್ಯವಾದದ್ದೇ ಒಳ್ಳೆಯ ಪಥ್ಯ. ಸಿರಿಧಾನ್ಯವೆಂದ ಮಾತ್ರಕ್ಕೆ ಲೋ ಕಾರ್ಬ್ ಎಂಬ ಭ್ರಮೆಯೂ ಬೇಡ. ನೂರು ಗ್ರಾಂ ಸಜ್ಜೆಯಲ್ಲಿ ಅರವತ್ತು ಗ್ರಾಮಿಗೂ ಹೆಚ್ಚು ಶರ್ಕರಪಿಷ್ಟವಿದೆ. ರಾಗಿ, ಜೋಳ ಅದಕ್ಕೂ ತುಸು ಮೇಲೆ. ಮೂರು ರೊಟ್ಟಿಯ ಜಾಗಕ್ಕೆ ಒಂದು ರೊಟ್ಟಿ, ಉಳಿದ ಜಾಗಕ್ಕೆ ಮೊಳಕೆ ಕಾಳಿನ ಉಸಳಿ, ಪಲ್ಯ, ಮೊಸರು, ಮೊಟ್ಟೆ ಅಥವಾ ಮೀನು ಬಂದರೆ ಊಟ ನಮ್ಮದಾಗಿಯೇ ಉಳಿಯುತ್ತದೆ. ನಾಸಿಕದ ಮಿಸಳ್ ಪಾವ್ ತಟ್ಟೆಯನ್ನೇ ತೆಗೆದುಕೊಳ್ಳಿ: ಮಡಕೆ ಕಾಳಿನ ಉಸಳಿ ಉಳಿಸಿಕೊಂಡು, ಎರಡು ಪಾವಿನಲ್ಲಿ ಒಂದನ್ನು ಬಿಟ್ಟು, ಫರಸಾಣದ ಕೈ ಬಿಗಿ ಹಿಡಿದರೆ ಅರ್ಧ ಕೆಲಸ ಆದ ಹಾಗೆ.

ಈ ಪಥ್ಯದ ಮೊದಲ ಎರಡು ಮೂರು ವಾರ ಮದ್ಯವನ್ನು ಪೂರ್ತಿ ಬಿಡುವುದೇ ಸರಿ. ನೀತಿಯ ಪ್ರಶ್ನೆ ಬೇರೆ. ಇದಕ್ಕೆ ದೇಹದ ಕಾರಣಗಳೇ ಇವೆ. ಯಕೃತ್ತು ಸುಮಾರು ನೂರು ಗ್ರಾಂ ಸಕ್ಕರೆಯನ್ನು ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟಿರುತ್ತದೆ, ಪ್ರತಿ ಗ್ರಾಮಿಗೂ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಪಥ್ಯ ಶುರುವಾದೊಡನೆ ಈ ದಾಸ್ತಾನು ಕರಗಿ ನೀರೂ ಉಪ್ಪೂ ಮೂತ್ರದಲ್ಲಿ ಹೋಗುತ್ತವೆ. ತಲೆನೋವು, ಸುಸ್ತು ಕಾಣುವುದು ಆಗಲೇ. ಮದ್ಯವೂ ನೀರನ್ನು ಹೊರಹಾಕಿಸುವಂಥದ್ದೇ. ಪಿಷ್ಟವಿಲ್ಲದ ಹಗುರ ಹೊಟ್ಟೆಗೆ ಅಮಲು ಬೇಗ ಏರುತ್ತದೆಂಬುದನ್ನೂ ನೆನಪಿಡಬೇಕು. ಮೊದಲು ಎರಡಕ್ಕೆ ಏನೂ ಆಗದವರಿಗೆ ಈಗ ಒಂದೇ ಹೆಚ್ಚಾಗಬಹುದು, ಹೆದ್ದಾರಿಯಲ್ಲಿ ಗಾಡಿ ಹತ್ತುವವರಿಗಂತೂ ಹಳೆಯ ಅಂದಾಜು ಕೆಲಸಕ್ಕೆ ಬಾರದು. ಆ ವಾರಗಳು ಕಳೆದ ಮೇಲೆ, ತೆಗೆದುಕೊಳ್ಳಲೇಬೇಕೆನ್ನುವವರು ಊಟದೊಡನೆ, ಅಳೆದು, ಒಂದಕ್ಕೆ ನಿಲ್ಲಿಸಿ, ಅದನ್ನು ಶಕ್ತಿಯ ಲೆಕ್ಕದಲ್ಲಿ ಬರೆದಿಡಲಿ.

ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳಿಗೆ ಇಷ್ಟು ಸಾಲದು. ಊಟದಲ್ಲಿ ಪಿಷ್ಟ ಕಡಿಮೆಯಾದಾಗ ರಾತ್ರಿಯಿಡೀ ರಕ್ತಕ್ಕೆ ಸಕ್ಕರೆ ತಯಾರಿಸಿ ಕೊಡುವುದು ಯಕೃತ್ತು. ಮದ್ಯಸಾರ ಆ ತಯಾರಿಕೆಯನ್ನೇ ತಡೆಯುತ್ತದೆ. ಗ್ಲಿಮೆಪಿರೈಡ್ ನುಂಗುವವರಲ್ಲಿ, ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ ಸಕ್ಕರೆ ನಿದ್ದೆಯಲ್ಲೇ ಅಪಾಯದ ಮಟ್ಟಕ್ಕೆ ಕುಸಿಯಬಹುದು. ನಡುಕ, ಬೆವರು, ತೊದಲು ಮಾತು ಕಂಡ ಮನೆಯವರು ಕುಡಿದದ್ದು ಹೆಚ್ಚಾಯಿತೆಂದು ಮಲಗಿಸಿಬಿಡುತ್ತಾರೆ, ಅಪಾಯವಿರುವುದು ಅಲ್ಲೇ. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಯವರಿಗೆ ಇನ್ನೊಂದು ತೊಡಕು: ಕಡುಪಥ್ಯವೂ ಮದ್ಯವೂ ಕೂಡಿದಾಗ ರಕ್ತದಲ್ಲಿ ಕೀಟೋನ್ ಆಮ್ಲ ಏರಬಹುದು, ಗ್ಲುಕೋಮೀಟರಿನಲ್ಲಿ ಮಾತ್ರ ಸಕ್ಕರೆ ಹೆಚ್ಚೇನೂ ಕಾಣದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಆ ಅಂಕಿ ನೋಡಿ ಸಮಾಧಾನಪಡದೆ ಆಸ್ಪತ್ರೆಗೆ ಹೋಗಬೇಕು. ಆದ್ದರಿಂದ ರೊಟ್ಟಿ ಕಡಿಮೆ ಮಾಡುವ ಮೊದಲೇ ಮಾತ್ರೆಯ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ, ಪಥ್ಯ ಶುರು ಮಾಡುತ್ತಿದ್ದೇನೆ ಎಂಬುದನ್ನೂ ಆಗೀಗ ಕುಡಿಯುತ್ತೇನೆ ಎಂಬುದನ್ನೂ ಒಟ್ಟಿಗೇ ಹೇಳಿ, ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂದು ಕೇಳಿಕೊಳ್ಳಿ.