ಒಂದು ದಿನದ ಸಂಚಾರ: ಸೂಳೆಕೆರೆಯಿಂದ ಸಂತೇಬೆನ್ನೂರಿಗೆ



ಕಾಲೇಜಿನ ಪಾಠದ ಕೊಠಡಿಯಲ್ಲಿ ಒಂದು ದಿನ ನಾನು ಕೈಸರೈಯ ಪಟ್ಟಣವನ್ನು ವರ್ಣಿಸುತ್ತಿದ್ದೆನು. ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದಲ್ಲಿ, ಈಗಿನ ಇಸ್ರೇಲ್ ದೇಶಕ್ಕೆ ಸೇರಿದ ಪುರಾತನ ಪಟ್ಟಣವದು. ಕ್ರಿಸ್ತಪೂರ್ವ 22ರ ಸುಮಾರಿನಲ್ಲಿ ಹೆರೋದನೆಂಬ ಅರಸನು ಅದನ್ನು ಕಟ್ಟಲು ತೊಡಗಿ, ರೋಮಿನ ಚಕ್ರವರ್ತಿ ಆಗಸ್ಟಸ್ ಸೀಸರನ ಹೆಸರನ್ನು ಅದಕ್ಕೆ ಇಟ್ಟನು. ಅಲ್ಲಿ ಸಹಜವಾದ ಬಂದರಿರಲಿಲ್ಲ. ಇಟಲಿಯ ಜ್ವಾಲಾಮುಖಿಯ ಬೂದಿಯನ್ನು ಹಡಗಿನಲ್ಲಿ ತರಿಸಿ, ಸುಣ್ಣದೊಡನೆ ಕಲಸಿ, ನೀರಿನೊಳಗೇ ಗಟ್ಟಿಯಾಗುವ ಗಾರೆಯನ್ನು ಮಾಡಿ, ಸಮುದ್ರದ ನಡುವೆ ಅಡ್ಡಗೋಡೆಗಳನ್ನು ಎಬ್ಬಿಸಿದರು. ಕುಡಿಯುವ ನೀರನ್ನು ಕಾರ್ಮೆಲ್ ಬೆಟ್ಟದ ಬುಡದ ಬುಗ್ಗೆಗಳಿಂದ ಕಮಾನುಗಳ ಮೇಲಿನ ಕಾಲುವೆಯಲ್ಲಿ ತಂದರು. ಬೆಳಗ್ಗೆ ಹೊರಟ ಯಾತ್ರಿಕರು ಒಬ್ಬ ಮಾರ್ಗದರ್ಶಿಯ ಹಿಂದೆ ನಡೆದು, ನಾಟಕಶಾಲೆ, ಕಾಲುವೆಯ ಕಮಾನುಗಳು, ಮುಳುಗಿದ ಬಂದರು ಎಲ್ಲವನ್ನೂ ಕಂಡು ಸಂಜೆಗೆ ಹಿಂತಿರುಗಬಹುದೆಂದು ನಾನು ಹೇಳಿದೆನು. ಬಂದರಿನೆದುರಿನ ದಿಬ್ಬದ ಮೇಲೆ ಮೊದಲು ರೋಮನರ ದೇವಾಲಯವಿದ್ದು, ಬಳಿಕ ಅದೇ ಜಾಗದಲ್ಲಿ ಎಂಟು ಮೂಲೆಯ ಕ್ರೈಸ್ತ ದೇವಾಲಯವೂ, ಆಮೇಲೆ ಮಸೀದಿಯೂ, ಮತ್ತೆ ಕ್ರೈಸ್ತ ದೇವಾಲಯವೂ ಬಂದವೆಂಬುದನ್ನು ಕೂಡ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆನು.

ನನ್ನ ವರ್ಣನೆಗೆ ನಾನೇ ಮೆಚ್ಚಿಕೊಂಡು ಪುಸ್ತಕವನ್ನು ಮುಚ್ಚುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು ಎದ್ದು ನಿಂತನು. ಚನ್ನಗಿರಿ ತಾಲ್ಲೂಕಿನವನು.

“ಸಾರ್, ತಾವು ಆ ಊರನ್ನು ನೋಡಿದ್ದೀರಾ?”

“ಇಲ್ಲಪ್ಪ, ಓದಿ ತಿಳಿದದ್ದು.”

“ನಮ್ಮ ಸಂತೇಬೆನ್ನೂರಿನ ಹೊಂಡ ನೋಡಿದ್ದೀರಾ?”

ಅದನ್ನೂ ನಾನು ನೋಡಿರಲಿಲ್ಲ. ಶಿವಮೊಗ್ಗದಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನದೊಳಗೆ ತಲಪಬಹುದಾದ ಊರು. ಇಪ್ಪತ್ತು ವರ್ಷ ಚರಿತ್ರೆಯನ್ನು ಬೋಧಿಸಿದವನಿಗೆ ಅಲ್ಲಿಗೆ ಹೋಗಲು ಬಿಡುವು ದೊರೆತಿರಲಿಲ್ಲ. ಹುಡುಗನು ಮರ್ಯಾದೆಯಿಂದಲೇ ಕೇಳಿದ್ದನು. ಆದಕಾರಣ ನನಗೆ ನಾಚಿಕೆ ಹೆಚ್ಚಾಯಿತು. ಕಾರ್ತಿಕ ಮಾಸದ ಒಂದು ಭಾನುವಾರ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗುವುದೆಂದು ಆಗಲೇ ನಿಶ್ಚಯಿಸಿದೆವು. ಆ ಒಂದು ದಿನದ ಸಂಚಾರವನ್ನು ಕುರಿತು ಈ ಹೊತ್ತು ತಮ್ಮೊಡನೆ ಕೆಲವು ಮಾತುಗಳನ್ನಾಡಬೇಕೆಂದಿದ್ದೇನೆ.

ನಾವು ಇಪ್ಪತ್ತೆರಡು ಮಂದಿ. ಬಸ್ಸು ಬೆಳಗಿನ ಮಂಜಿನಲ್ಲಿಯೇ ಶಿವಮೊಗ್ಗವನ್ನು ಬಿಟ್ಟಿತು. ನ್ಯಾಮತಿಯಲ್ಲಿ ಮೂವರು, ಹೊನ್ನಾಳಿಯಲ್ಲಿ ಐವರು ಬುತ್ತಿಯ ಗಂಟುಗಳೊಡನೆ ಹತ್ತಿಕೊಂಡರು. ಜಗಳೂರಿನ ಕಡೆಯ ಒಬ್ಬ ಹುಡುಗನು ಹಿಂದಿನ ರಾತ್ರಿಯೇ ಬಂದು ಸ್ನೇಹಿತನ ಮನೆಯಲ್ಲಿ ತಂಗಿದ್ದನು. ಈ ನಾಲ್ಕು ಸೀಮೆಗಳೂ ಇಂದು ದಾವಣಗೆರೆ ಜಿಲ್ಲೆಗೆ ಸೇರಿವೆ. 1997ರಲ್ಲಿ ಆ ಜಿಲ್ಲೆಯಾಗುವ ಮುಂಚೆ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗಕ್ಕೂ, ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಜಿಲ್ಲೆ ಒಂದಾದರೂ ನೆಲದ ಸ್ವಭಾವ ಒಂದಲ್ಲ. ಹೊನ್ನಾಳಿಯ ಪಕ್ಕದಲ್ಲಿಯೇ ತುಂಗಭದ್ರೆ ಹರಿಯುತ್ತಾಳೆ. ಜಗಳೂರಾದರೋ ಮಳೆಯ ಮುಖವನ್ನು ನೋಡಿ ಬಾಳುವ ಒಣ ಸೀಮೆ. ಅಲ್ಲಿಯ ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ವಾಸಿಸುತ್ತದೆ. 2011ರಲ್ಲಿ ಅದನ್ನು ಆ ಪ್ರಾಣಿಗಾಗಿಯೇ ಅಭಯಾರಣ್ಯವೆಂದು ಸಾರಿದರು. ತುಂಬಿದ ಹೊಳೆಯನ್ನು ಸೇತುವೆಯ ಮೇಲೆ ದಾಟುವಾಗ ಹೊನ್ನಾಳಿಯ ಹುಡುಗರು ಹರಟುತ್ತಲೇ ಇದ್ದರು. ಜಗಳೂರಿನವನು ಮಾತ್ರ ಕಿಟಕಿಗೆ ಮುಖವಿಟ್ಟು ಆಚೆಯ ದಡ ಬರುವವರೆಗೂ ನೀರನ್ನೇ ನೋಡುತ್ತಿದ್ದನು.

ಬಸವಾಪಟ್ಟಣದಲ್ಲಿ ನಮ್ಮ ಮಾರ್ಗದರ್ಶಿಗಳು ಕಾದು ನಿಂತಿದ್ದರು. ನಿವೃತ್ತರಾದ ಶಾಲೆಯ ಮೇಷ್ಟರು. ತಲೆಗೆ ಬಿಳಿಯ ರುಮಾಲು, ಕೈಯಲ್ಲಿ ಕೊಡೆ. ಹುಡುಗರು ಅವರನ್ನು ಕಂಡೊಡನೆಯೇ “ಅಜ್ಜಾರು” ಎಂದು ಕರೆಯಲಾರಂಭಿಸಿದರು. ಸಂತೇಬೆನ್ನೂರಿನ ಪಾಳೆಯಗಾರರ ಮೂಲಸ್ಥಾನ ಈ ಬಸವಾಪಟ್ಟಣವೆಂದೂ, ಬಿಜಾಪುರದವರ ಒತ್ತಡಕ್ಕೆ ಸಿಕ್ಕಿ ಆ ವಂಶದವರು ಕಡೆಗೆ ತರೀಕೆರೆಯನ್ನು ಸೇರಿ ಅಲ್ಲಿ ನೆಲೆಸಿದರೆಂದೂ ದಾರಿಯಲ್ಲಿ ಅಜ್ಜಾರು ಹೇಳಿದರು. ಅಷ್ಟರಲ್ಲಿ ರಸ್ತೆಯು ಗುಡ್ಡದ ಮಗ್ಗುಲನ್ನು ಬಳಸಿ ತಿರುಗಿತು. ಮುಂದೆ ದಿಗಂತದವರೆಗೆ ನೀರು.

“ಇದೇ ಶಾಂತಿಸಾಗರ” ಎಂದರು ಅಜ್ಜಾರು.

ಸುಮಾರು 6,500 ಎಕರೆ ವಿಸ್ತಾರದ ಈ ಜಲರಾಶಿಯನ್ನು ತಡೆದು ನಿಲ್ಲಿಸಿರುವ ಏರಿಯ ಉದ್ದವು 950 ಅಡಿಗಳ ಸುಮಾರು ಮಾತ್ರವೆಂದರೆ ಕೇಳಿದವರು ನಂಬುವುದಿಲ್ಲ. ರಹಸ್ಯವೆಲ್ಲ ಸ್ಥಳದ ಆಯ್ಕೆಯಲ್ಲಿದೆ. ಹರಿದ್ರಾ ಎಂಬ ಹಳ್ಳವು ಎರಡು ಗುಡ್ಡಗಳ ನಡುವಣ ಕಿರಿದಾದ ಕಣಿವೆಯಿಂದ ಹೊರಬೀಳುತ್ತದೆ. ಆ ಕಣಿವೆಯ ಬಾಯನ್ನು ಮಾತ್ರ ಕಟ್ಟಿದರೆ ಹಿಂದಿನ ವಿಶಾಲವಾದ ತಗ್ಗು ತಾನಾಗಿಯೇ ತುಂಬುತ್ತದೆ. ಏರಿಯು ನೇರವಾಗಿಲ್ಲ, ಸ್ವಲ್ಪ ಬಾಗಿದೆ. ಸಿದ್ಧ, ಬಸವ ಎಂಬ ಎರಡು ತೂಬುಗಳಿಂದ ಹೊರಟ ನಾಲೆಗಳು ಗದ್ದೆಗಳಿಗೆ ನೀರುಣಿಸುತ್ತವೆ. ಇದು 11ನೆಯ ಅಥವಾ 12ನೆಯ ಶತಮಾನದ ಕೆಲಸ. 1128 ಎಂದು ಹೇಳುವ ರೂಢಿಯೂ ಉಂಟು. ಅಂದಿನಿಂದ ಎಷ್ಟೋ ಅರಸುಮನೆಗಳು ಅಳಿದವು. ಏರಿ ಮಾತ್ರ ಅಷ್ಟು ಮಳೆಗಾಲಗಳ ನೆರೆಯನ್ನೂ ತಡೆದು ನಿಂತಿದೆ.

ಅಜ್ಜಾರು ಅಳತೆಗಳನ್ನೆಲ್ಲ ಚೆನ್ನಾಗಿ ಹೇಳಿದರು. ಆದರೆ ಕೆರೆಯ ಹಳೆಯ ಹೆಸರನ್ನು ಒಮ್ಮೆಯೂ ಉಚ್ಚರಿಸಲಿಲ್ಲ. ನಮ್ಮಲ್ಲಿ ಏಳು ಮಂದಿ ವಿದ್ಯಾರ್ಥಿನಿಯರಿದ್ದರು. ಸಂಕೋಚದ ಕಾರಣ ಅದೇ ಎಂಬುದು ಸ್ಪಷ್ಟವಾಗಿತ್ತು. ಕೊನೆಗೆ ನ್ಯಾಮತಿಯ ಒಬ್ಬ ಹುಡುಗಿಯೇ ಕೇಳಿದಳು: “ಅಜ್ಜಾರೆ, ನಮ್ಮ ಮನೆಯಲ್ಲಿ ಎಲ್ಲರೂ ಇದನ್ನು ಸೂಳೆಕೆರೆ ಅಂತಲೇ ಅಂತಾರೆ. ಆ ಹೆಸರು ಏಕೆ ಬಂತು?”

ಅಜ್ಜಾರು ಕೊಡೆಯನ್ನು ಬಿಚ್ಚಿ ಮತ್ತೆ ಮಡಿಸಿದರು. “ಹೇಳಬಾರದು ಅಂತಲ್ಲ ತಾಯಿ. ಕೇಳುವವರು ತಪ್ಪು ತಿಳೀತಾರೆ” ಎಂದು, ಬಳಿಕ ನಿಧಾನವಾಗಿ ಹೇಳಿದರು. ಸ್ವರ್ಗಾವತಿಯೆಂಬ ಪಟ್ಟಣದ ಅರಸನ ಮಗಳು ಶಾಂತವ್ವೆ. ಅವಳು ಕೆರೆ ಕಟ್ಟಿಸಲು ಬಯಸಿದ ನೆಲ ಸೂಳೆಯರದಾಗಿತ್ತಂತೆ. ತಮ್ಮ ಹೆಸರು ಕೆರೆಗೆ ಉಳಿಯುವುದಾದರೆ ನೆಲವನ್ನು ಬಿಟ್ಟುಕೊಡುವೆವೆಂದು ಅವರು ಒಪ್ಪಿದರಂತೆ. ಇನ್ನೊಂದು ಕಥೆಯಲ್ಲಿ ಅರಸನ ಮಗಳೇ ಸಿದ್ಧೇಶ್ವರನಿಗೆ ಮನಸೋತು, ಆ ದೋಷದ ಪರಿಹಾರಕ್ಕಾಗಿ ಕೆರೆಯನ್ನು ಕಟ್ಟಿಸಿದಳು. ಪಟ್ಟಣವು ನೀರಿನಲ್ಲಿ ಮುಳುಗಲು ತಂದೆಯು ಕೋಪದಿಂದ ಆ ಹೆಸರಿಟ್ಟು ಶಪಿಸಿದನು. ಎರಡೂ ಐತಿಹ್ಯಗಳು. ಆದರೆ ಎರಡರಲ್ಲಿಯೂ ಕೆರೆಯು ಹೆಂಗಸರಿಂದಲೇ ಆದದ್ದು.

“ಹಾಗಾದರೆ ಒಂದು ಕಥೆಯಲ್ಲಿ ಹೆಸರು ಅವರು ಕೇಳಿ ಪಡೆದ ಬೆಲೆ. ಅದನ್ನು ತೆಗೆದುಬಿಟ್ಟರೆ ಕೊಟ್ಟ ಮಾತು ತಪ್ಪಿದ ಹಾಗಲ್ಲವೆ?” ಎಂದಳು ಆ ಹುಡುಗಿ.

ಕೆಲವರು ನಕ್ಕರು. ಸಭ್ಯರ ನಡುವೆ ಹೇಳಲಾಗದ ಹೆಸರು ಏಕಿರಬೇಕು, ಶಾಂತಿಸಾಗರವೇ ಚೆಂದ ಎಂದರು ಇನ್ನು ಕೆಲವರು. ಅಷ್ಟರವರೆಗೆ ಮೌನವಾಗಿದ್ದ ಜಗಳೂರಿನ ಹುಡುಗನು ಆಗ ಬಾಯಿ ತೆರೆದನು: “ನಮ್ಮೂರಿಗೆ ಬೇಸಗೆಯಲ್ಲಿ ಟ್ಯಾಂಕರಿನಲ್ಲಿ ನೀರು ಬರುತ್ತೆ ಸಾರ್. ಇಂಥ ಒಂದು ಕೆರೆ ಕಟ್ಟಿಸಿಕೊಟ್ಟವರು ಯಾವ ಹೆಸರಿಡಿ ಅಂದರೂ ಇಡುತ್ತೇವೆ.”

ಆಮೇಲೆ ಯಾರೂ ನಗಲಿಲ್ಲ. ಇಲ್ಲಿಂದ ಚಿತ್ರದುರ್ಗಕ್ಕೆ ಕುಡಿಯುವ ನೀರು ಕೊಳವೆಯಲ್ಲಿ ಹೋದದ್ದನ್ನೂ, ಕೆರೆಯ ಹೊಟ್ಟೆಯಲ್ಲಿ ಹೂಳು ತುಂಬುತ್ತಿರುವುದನ್ನೂ, ಅಂಚಿನ ನೆಲ ಒತ್ತುವರಿಗೆ ಸಿಕ್ಕಿರುವುದನ್ನೂ ಅಜ್ಜಾರು ಹೇಳಿದರು. ಹೆಸರಿಗೆ ನಾಚುವ ನಾವು ಹೂಳಿಗೆ ನಾಚಿದ್ದರೆ ಕೆರೆಗೆ ಹೆಚ್ಚು ಉಪಕಾರವಾಗುತ್ತಿತ್ತೆಂದು ನನಗನ್ನಿಸಿತು.

ಮಧ್ಯಾಹ್ನಕ್ಕೆ ಸಂತೇಬೆನ್ನೂರನ್ನು ಸೇರಿದೆವು. ಊರಿನ ಮನೆಗಳ ನಡುವೆ ಇಂಥದೊಂದು ಪುಷ್ಕರಿಣಿ ಇರಬಹುದೆಂದು ದಾರಿಹೋಕನು ಊಹಿಸಲಾರನು. ಚೌಕಾಕಾರದ ವಿಶಾಲವಾದ ಕೊಳ; ಸುತ್ತಲೂ ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳು; ಅಂಚಿನಲ್ಲಿ ಮಂಟಪಗಳು; ನಟ್ಟ ನಡುವೆ ನೀರಿನಿಂದ ಮೇಲೆದ್ದ ಅಂತಸ್ತುಗಳ ವಸಂತಮಂಟಪ. ಅದರಲ್ಲಿ ನಮ್ಮ ಗುಡಿಯ ಶಿಖರದ ಭಾವವೂ ಬಿಜಾಪುರದ ಕಮಾನಿನ ಬಾಗೂ ಹೊಂದಿಕೊಂಡಿವೆ. ಗಾಳಿಯಿಲ್ಲದಾಗ ಅದರ ಪ್ರತಿಬಿಂಬವು ನೀರಿನಲ್ಲಿ ಅಲುಗದೆ ನಿಲ್ಲುತ್ತದೆ. 16ನೆಯ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕನು ಇದನ್ನು ಕಟ್ಟಿಸಿದನೆಂದು ಪ್ರತೀತಿ.

ಕೊಳದ ಬದಿಯಲ್ಲಿ ಎತ್ತರವಾದ ಕಮಾನುಗಳುಳ್ಳ ಒಂದು ದೊಡ್ಡ ಕಟ್ಟಡವಿದೆ. ಅದಕ್ಕೆ ಮುಸಾಫಿರ್‌ಖಾನೆ ಎಂದು ಹೆಸರು. “ಪ್ರಯಾಣಿಕರು ತಂಗುವ ಜಾಗ” ಎಂದಷ್ಟೆ ಹೇಳಿ ಅಜ್ಜಾರು ಮುಂದೆ ನಡೆದರು. “ಇಲ್ಲಿ ಮೊದಲು ರಂಗನಾಥನ ಗುಡಿ ಇತ್ತಂತಲ್ಲ?” ಎಂದು ಒಬ್ಬನು ಗಟ್ಟಿಯಾಗಿ ಕೇಳಿದನು. ಅವನ ದನಿಯಲ್ಲಿ ಪ್ರಶ್ನೆಗಿಂತ ಬಿಸಿಯೇ ಹೆಚ್ಚಾಗಿತ್ತು. ಅಜ್ಜಾರು ನನ್ನ ಮುಖವನ್ನು ನೋಡಿದರು. ನಾನು ಗಡಿಯಾರವನ್ನು ನೋಡಿ, “ಊಟದ ಹೊತ್ತಾಯಿತು, ನಡೆಯಿರಿ” ಎಂದೆನು.

ಆಗ ಹೊನ್ನಾಳಿಯ ಒಬ್ಬ ಮುಸಲ್ಮಾನ ಹುಡುಗನು ನನ್ನ ಹತ್ತಿರಕ್ಕೆ ಬಂದು ಮೆಲ್ಲಗೆ ಹೇಳಿದನು: “ಸಾರ್, ಕೈಸರೈಯದ ಪಾಠದಲ್ಲಿ ತಾವು ಗುಡಿ, ಮಸೀದಿ ಎಲ್ಲವನ್ನೂ ನಿಲ್ಲಿಸದೆ ಹೇಳಿದಿರಿ. ಇಲ್ಲಿ ಏಕೆ ನಿಲ್ಲಿಸಿದಿರಿ? ನನ್ನ ಸಲುವಾಗಿ ಆದರೆ, ದಯವಿಟ್ಟು ಹೇಳಿಬಿಡಿ.”

ಶ್ರೋತೃಗಳೆ, ದೂರದ ಸಮುದ್ರತೀರದ ಕಲ್ಲುಗಳನ್ನು ಕುರಿತು ಧೈರ್ಯವಾಗಿ ಮಾತನಾಡುವುದು ಸುಲಭ. ಅಲ್ಲಿಯ ಅರಸರು ನಮಗೆ ನೆಂಟರೂ ಅಲ್ಲ, ಹಗೆಗಳೂ ಅಲ್ಲ. ನನ್ನ ಮೌನದಿಂದ ಆ ಹುಡುಗನಿಗೆ ಉಪಕಾರ ಮಾಡುತ್ತಿದ್ದೇನೆಂದು ತಿಳಿದಿದ್ದೆನು. ಹೇಳದೆ ಬಿಟ್ಟ ಕಥೆಯ ಹೊಣೆಯನ್ನೆಲ್ಲ ಅವನ ಹೆಗಲಿಗೆ ಹೊರಿಸುತ್ತಿದ್ದೆನೆಂಬುದು ಅವನ ಮಾತಿನಿಂದ ತಿಳಿಯಿತು.

ನಾವೆಲ್ಲರೂ ಮೆಟ್ಟಿಲ ಮೇಲೆ ಕುಳಿತೆವು. ಅಜ್ಜಾರೂ ನಾನೂ ಸೇರಿ ಕಥೆಯನ್ನು ಪೂರ್ತಿಯಾಗಿ ಹೇಳಿದೆವು. 17ನೆಯ ಶತಮಾನದ ಮೊದಲರ್ಧದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಈ ಸೀಮೆಯ ಮೇಲೆ ಬಂದು ರಂಗನಾಥನ ಗುಡಿಯನ್ನು ಕೆಡವಿಸಿ ಈ ಕಟ್ಟಡವನ್ನು ಎಬ್ಬಿಸಿದನೆಂದೂ, ಹನುಮಪ್ಪ ನಾಯಕನು ಸಮಯ ಕಾದು ಇಲ್ಲಿಯ ಅಧಿಕಾರಿಯನ್ನು ಕೊಂದು ಸೇಡು ತೀರಿಸಿಕೊಂಡನೆಂದೂ, ಆ ಬಳಿಕ ಕಟ್ಟಡದಲ್ಲಿ ಪ್ರಾರ್ಥನೆ ನಡೆಯಲಿಲ್ಲವೆಂದೂ ಹಳೆಯ ಗೆಜೆಟಿಯರು ಹೇಳುತ್ತದೆ. ಕೆಡವಿದ್ದು ನಿಜವಾದರೆ ಅದನ್ನು ಮರೆಮಾಚಬೇಕಾಗಿಲ್ಲ. ಅದು ಒಬ್ಬ ಸುಲ್ತಾನನ ಸೇನಾನಿಯ ದಂಡಯಾತ್ರೆಯ ಕೆಲಸವೆಂಬುದನ್ನೂ ಮರೆಯಬೇಕಾಗಿಲ್ಲ. ಇಂದು ಹೊನ್ನಾಳಿಯಿಂದ ಬುತ್ತಿ ಕಟ್ಟಿಕೊಂಡು ಬಂದ ಹುಡುಗನು ಅದರಲ್ಲಿ ಭಾಗಿಯಲ್ಲ. ಜೊತೆಗೆ ಆ ವಸಂತಮಂಟಪವನ್ನೂ ನೋಡಬೇಕು. ಶಿಖರವನ್ನೂ ಕಮಾನನ್ನೂ ಒಂದೇ ಕಟ್ಟಡದಲ್ಲಿ ಕೂಡಿಸಬಲ್ಲ ಕಲ್ಲುಕುಟಿಗರು ಈ ಸೀಮೆಯಲ್ಲಿದ್ದರೆಂಬುದಕ್ಕೆ ಅದು ಸಾಕ್ಷಿ. ಯುದ್ಧವೂ ಈ ಊರಿನ ಚರಿತ್ರೆ. ಈ ಕೈಕೆಲಸವೂ ಈ ಊರಿನ ಚರಿತ್ರೆ.

ಗಟ್ಟಿಯಾಗಿ ಕೇಳಿದ್ದವನು ಸುಮ್ಮನೆ ಕೇಳುತ್ತಿದ್ದನು. ಮುಗಿದ ಮೇಲೆ ಅವನೇ ಎದ್ದು, ಹೊನ್ನಾಳಿಯ ಹುಡುಗನ ಬುತ್ತಿಯ ಗಂಟನ್ನೂ ತನ್ನದರೊಡನೆ ಎತ್ತಿಕೊಂಡು ಹೊರಗಿನ ಮರದ ನೆರಳಿಗೆ ನಡೆದನು. ಅವರ ಮನಸ್ಸಿನಲ್ಲಿ ಏನಾಯಿತೆಂದು ನಾನು ಹೇಳಲಾರೆ. ರೊಟ್ಟಿ, ಚಟ್ನಿಪುಡಿ, ಮಂಡಕ್ಕಿ ಎಲ್ಲವೂ ಎಲ್ಲರ ಕೈಗೂ ಹೋದದ್ದನ್ನು ಮಾತ್ರ ಕಂಡೆನು.

ಸಂಜೆ ಚನ್ನಗಿರಿಯನ್ನು ಮುಟ್ಟಿ ಕೋಟೆಯ ಗುಡ್ಡವನ್ನು ಹತ್ತಿದೆವು. ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರಿನಿಂದ ಊರಿಗೆ ಈ ಹೆಸರು ಬಂತೆಂದು ಜನರು ಅಭಿಮಾನದಿಂದ ಹೇಳುತ್ತಾರೆ. ಔರಂಗಜೇಬನ ಸೈನ್ಯಕ್ಕೆ ಅಂಜದೆ 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿ ಆಕೆ. “ನೋಡಿ ಸಾರ್, ಒಂದೇ ತಾಲ್ಲೂಕಿನಲ್ಲಿ ಒಬ್ಬ ಹೆಣ್ಣಿನ ಹೆಸರನ್ನು ಮೆರೆಸುತ್ತಾರೆ, ಇನ್ನೊಬ್ಬಳದನ್ನು ಮುಚ್ಚುತ್ತಾರೆ” ಎಂದಳು ನ್ಯಾಮತಿಯ ಹುಡುಗಿ. ಅಜ್ಜಾರು ನಕ್ಕು, “ಇನ್ನು ಮೇಲೆ ನಾನು ಎರಡೂ ಹೆಸರು ಹೇಳ್ತೀನಿ ತಾಯಿ” ಎಂದರು.

ಮಾರ್ಗದರ್ಶಿಯ ಕೆಲಸವನ್ನು ನಾವು ಕಿರಿದೆಂದು ಎಣಿಸುತ್ತೇವೆ. ಊರಿಗೆ ಬಂದವರ ಕಣ್ಣಿಗೆ ಊರನ್ನು ಒಪ್ಪಿಸುವವನು ಅವನೇ. ಅವನು ನಾಚಿಕೆಯಿಂದ ಅರ್ಧವನ್ನು ನುಂಗಿದರೆ ಉಪಕಾರ ಮಾಡಿದವರು ಮರೆಯಾಗುತ್ತಾರೆ; ಅಂಜಿಕೆಯಿಂದ ಅರ್ಧವನ್ನು ನುಂಗಿದರೆ ಉಳಿದರ್ಧವನ್ನು ಯಾರೋ ಬೀದಿಯಲ್ಲಿ ತಮಗೆ ಬೇಕಾದಂತೆ ತುಂಬುತ್ತಾರೆ. ಅಧ್ಯಾಪಕರಾದ ನಾವೂ ಒಂದು ಬಗೆಯ ಮಾರ್ಗದರ್ಶಿಗಳೇ. ಆ ದಿನ ಗಡಿಯಾರವನ್ನು ನೋಡಿದ ತಪ್ಪು ನನ್ನದೇ.

ಕೇಳುತ್ತಿರುವವರಲ್ಲಿ ಅನೇಕರು ಕೈಸರೈಯವನ್ನೋ ಅಲೆಗ್ಸಾಂಡ್ರಿಯವನ್ನೋ ಎಂದಾದರೂ ಕಾಣುವಿರಿ, ಕಾಣಬೇಕಾದದ್ದೇ. ಅದಕ್ಕೆ ಮೊದಲು ಒಂದು ಭಾನುವಾರ ಬುತ್ತಿಯನ್ನು ಕಟ್ಟಿಕೊಂಡು, ಮನೆಯ ಮಕ್ಕಳನ್ನೂ ಜೊತೆಗೆ ಕರೆದುಕೊಂಡು, ಸೂಳೆಕೆರೆಯ ಏರಿಯ ಮೇಲೆ ನಡೆದು ಬನ್ನಿರಿ. ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿರಿ. ಅವರು ಎಲ್ಲಿಯಾದರೂ ಮಾತನ್ನು ನುಂಗಿದರೆ, ಮರ್ಯಾದೆಯಿಂದ ಮುಂದಕ್ಕೆ ಕೇಳಿರಿ.