ಇವತ್ತು ಉದುರೋ ಕೂದಲು, ಮೂರು ತಿಂಗಳ ಹಿಂದಿನ ಲೆಕ್ಕ

ಇವತ್ತಿನ ವಿಷಯ ಕೂದಲು. ಹೆಣ್ಣುಮಕ್ಕಳ ಕೂದಲು ಯಾಕೆ ಉದುರುತ್ತೆ ಅನ್ನೋದು. ನಾನು ಬಿಕಾಂ ಓದಿದವಳು, ಡಾಕ್ಟರ್ ಅಲ್ಲ. ಆದ್ರೆ ಇದರಲ್ಲಿ ಒಂದು ಲೆಕ್ಕ ಇದೆ, ದಿನಾಂಕದ ಲೆಕ್ಕ. ಅದು ಗೊತ್ತಿಲ್ಲದೇ ಇರೋದ್ರಿಂದ ನಾವು ಸುಮ್ಮನೆ ದುಡ್ಡು ಕಳ್ಕೊಳ್ತೀವಿ. ಕೆಲವು ಸಲ ದುಡ್ಡಿಗಿಂತ ದೊಡ್ಡದನ್ನೂ.

ಬೆಂಗಳೂರಿನ ಯಾವ ಪಿಜಿಗೆ ಬೇಕಾದ್ರೂ ಹೋಗಿ ಕೇಳಿ, ಕೂದಲು ಯಾಕೆ ಉದುರುತ್ತೆ ಅಂದ್ರೆ ಒಂದೇ ಉತ್ತರ: ನೀರು. ಬೋರ್‌ವೆಲ್ ನೀರು, ಟ್ಯಾಂಕರ್ ನೀರು. ಪೂರ್ತಿ ಸುಳ್ಳಲ್ಲ ಅದು. ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ಕೂದಲು ಒರಟಾಗುತ್ತೆ, ಸಿಕ್ಕಾಗುತ್ತೆ, ಬಾಚುವಾಗ ತುಂಡಾಗುತ್ತೆ. ಆದ್ರೆ ತುಂಡಾಗೋದು ಬೇರೆ, ಬುಡದಿಂದ ಉದುರೋದು ಬೇರೆ. ಕಂಡುಹಿಡಿಯೋದು ಸುಲಭ. ಬಾಚಣಿಗೆಯಲ್ಲಿ ಸಿಕ್ಕ ಕೂದಲಿನ ತುದಿ ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗಂಟು ಇದ್ರೆ ಅದು ಬುಡದಿಂದ ಬಂದದ್ದು. ಗಂಟಿಲ್ಲದ ಗಿಡ್ಡ ಗಿಡ್ಡ ತುಂಡುಗಳೇ ಜಾಸ್ತಿ ಇದ್ರೆ ಮುರಿದದ್ದು. ಆಗ ನೀರು, ಸ್ಟ್ರೈಟ್ನರ್, ಹೇರ್ ಕಲರ್ ಇವುಗಳ ಮೇಲೆ ಅನುಮಾನ ಪಡಿ. ಅಂದಹಾಗೆ, ಆ ಬಿಳಿ ಗಂಟು ನೋಡಿ ‘ಅಯ್ಯೋ, ಬೇರೇ ಕಿತ್ತು ಬಂತು’ ಅಂತ ಹೆದರಬೇಡಿ. ಹೊಸ ಕೂದಲು ಹುಟ್ಟಿಸೋ ಭಾಗ ಚರ್ಮದ ಒಳಗೇ ಇರುತ್ತೆ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತೆ. ದಿನಕ್ಕೆ 50ರಿಂದ 100 ಉದುರೋದು ಮಾಮೂಲಿ. ಒಂದೊಂದು ಕೂದಲೂ ಕೆಲವು ವರ್ಷ ಬೆಳೆಯುತ್ತೆ, ಆಮೇಲೆ ಬೆಳವಣಿಗೆ ನಿಲ್ಲಿಸಿ ಸುಮಾರು 3 ತಿಂಗಳು ಅಲ್ಲೇ ಸುಮ್ಮನೆ ಕೂತಿರುತ್ತೆ, ನಂತರ ಉದುರುತ್ತೆ. ದೇಹಕ್ಕೆ ದೊಡ್ಡ ಏಟು ಬಿದ್ದಾಗ, ಅಂದ್ರೆ ಡೆಂಗಿ, ಟೈಫಾಯಿಡ್ ಥರ ಜೋರು ಜ್ವರ, ಆಪರೇಷನ್, ಹೆರಿಗೆ, ಊಟ ಬಿಟ್ಟು ಮಾಡೋ ಡಯಟ್, ತುಂಬಾ ದೊಡ್ಡ ಮಾನಸಿಕ ಆಘಾತ, ಇಂಥದ್ದೇನಾದ್ರೂ ಆದಾಗ, ಬೆಳೀತಿದ್ದ ಎಷ್ಟೋ ಕೂದಲು ಒಟ್ಟಿಗೆ ಕೆಲಸ ನಿಲ್ಲಿಸಿಬಿಡುತ್ತೆ. ಅವತ್ತು ಮಾತ್ರ ಏನೂ ಗೊತ್ತಾಗಲ್ಲ. ಎರಡು ಮೂರು ತಿಂಗಳಾದ ಮೇಲೆ ಎಲ್ಲ ಒಟ್ಟಿಗೆ ಉದುರುತ್ತೆ. ಮುಂದಿನ ತಾರೀಕು ಹಾಕಿ ಕೊಟ್ಟ ಚೆಕ್ ಥರ. ಬರೆದ ದಿನ ಒಂದು, ಅಕೌಂಟಿಂದ ದುಡ್ಡು ಹೋಗೋ ದಿನ ಇನ್ನೊಂದು. ಡಾಕ್ಟರ್‌ಗಳು ಇದನ್ನ ಟೆಲೋಜೆನ್ ಎಫ್ಲುವಿಯಂ ಅಂತಾರೆ.

ನಮ್ಮಜ್ಜಿ ಒಂದು ಮಾತು ಹೇಳ್ತಿದ್ರು: ಮಗು ತಾಯಿ ಮುಖ ನೋಡಿ ನಗೋಕೆ ಶುರು ಮಾಡಿದ್ರೆ ತಾಯಿ ಕೂದಲು ಉದುರುತ್ತೆ ಅಂತ. ನಗು ಕಾರಣ ಅಲ್ಲ, ಪಾಪ. ಆದ್ರೆ ಟೈಮಿಂಗ್ ನೋಡಿ! ಮಗು ಮುಖ ಗುರುತಿಸಿ ನಗೋದೂ, ಹೆರಿಗೆ ನಂತರ ಕೂದಲು ಉದುರೋಕೆ ಶುರುವಾಗೋದೂ ಹೆಚ್ಚುಕಮ್ಮಿ ಒಂದೇ ಸಮಯಕ್ಕೆ. ಅಜ್ಜಿ ಕ್ಯಾಲೆಂಡರ್ ಸರಿಯಾಗೇ ನೋಡಿದ್ರು.

ನನ್ನ ರೂಮ್‌ಮೇಟ್ ಕಥೆ ಹೇಳ್ತೀನಿ, ಅವಳನ್ನ ಕೇಳಿಯೇ. ಜುಲೈಯಲ್ಲಿ ಡೆಂಗಿ ಬಂತು. ಸೆಪ್ಟೆಂಬರಲ್ಲಿ ಪಿಜಿ ಬದಲಾಯಿಸಿದಳು. ಅಕ್ಟೋಬರಲ್ಲಿ ಸ್ನಾನ ಮಾಡಿದ್ರೆ ಬಚ್ಚಲ ಜಾಲರಿ ಕಟ್ಟಿಕೊಳ್ಳೋಷ್ಟು ಕೂದಲು. ಎಲ್ಲರೂ ಹೊಸ ಪಿಜಿ ನೀರನ್ನ ಬೈದರು. ಶವರ್ ಫಿಲ್ಟರ್ ಬಂತು, ಈರುಳ್ಳಿ ಎಣ್ಣೆ ಬಂತು, ಆಮೇಲೆ ಒಂದು ಕ್ಲಿನಿಕ್‌ನೋರು ಒಂದು ರಕ್ತಪರೀಕ್ಷೆಯನ್ನೂ ಬರೆಯದೇ, ತಲೆಗೆ ಇಂಜೆಕ್ಷನ್ ಕೊಡೋ ಪ್ಯಾಕೇಜು, ಇಎಂಐ ಎಲ್ಲಾ ಲೆಕ್ಕ ಹಾಕಿ ಕೊಟ್ರು. ಇಎಂಐ ಅಂದ ತಕ್ಷಣ ನನ್ನ ಕಿವಿ ನೆಟ್ಟಗಾಯ್ತು. ಮೊದಲು ಬೇರೆ ಚರ್ಮರೋಗ ತಜ್ಞರಿಗೆ ತೋರ್ಸು ಅಂತ ಹಟ ಹಿಡಿದೆ.

ಆ ಡಾಕ್ಟರ್ ಕೂದಲು ನೋಡಿದ್ದು ಎರಡು ನಿಮಿಷ. ಪ್ರಶ್ನೆ ಕೇಳಿದ್ದು ಹತ್ತು ನಿಮಿಷ. ಜ್ವರ ಬಂದಿತ್ತಾ, ತೂಕ ಇಳಿದಿದೆಯಾ, ಮುಟ್ಟು ಎಷ್ಟು ದಿನ ಇರುತ್ತೆ, ದಿನಕ್ಕೆ ಎಷ್ಟು ಪ್ಯಾಡ್ ಬೇಕಾಗುತ್ತೆ. ಇವಳು ಎಂಟು ದಿನ ಅಂದಳು, ಎರಡು ಗಂಟೆಗೊಂದು ಪ್ಯಾಡ್ ಅಂದಳು, ಎಲ್ಲರಿಗೂ ಹಾಗೇ ಅಲ್ವಾ ಮೇಡಂ ಅಂತ ಸೇರಿಸಿದಳು. ಅಲ್ಲ, ಎಲ್ಲರಿಗೂ ಹಾಗಲ್ಲ. ರಿಪೋರ್ಟಲ್ಲಿ ಹಿಮೋಗ್ಲೋಬಿನ್ 9 ಚಿಲ್ಲರೆ. ಗರ್ಭಿಣಿಯಲ್ಲದ ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಇದ್ರೆ ರಕ್ತಹೀನತೆ. ಡೆಂಗಿ ಚೆಕ್ ಬರೆದಿತ್ತು, ಸರಿ. ಆದ್ರೆ ಅಕೌಂಟು ಎಷ್ಟೋ ವರ್ಷದಿಂದ ಖಾಲಿಯಾಗ್ತಾ ಇತ್ತು. ಮೆಟ್ಟಿಲು ಹತ್ತಿದ್ರೆ ಏದುಸಿರು ಬರೋದನ್ನ ಅವಳು ‘ನಂಗೆ ಸ್ಟ್ಯಾಮಿನಾ ಇಲ್ಲ’ ಅಂತ ನಂಬಿದ್ದಳು. ಅವಳನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದು ಏದುಸಿರಲ್ಲ, ಕೂದಲು.

ಇದು ಅವಳೊಬ್ಬಳ ಕಥೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಅರ್ಧಕ್ಕಿಂತ ಜಾಸ್ತಿ. ಹಿಮೋಗ್ಲೋಬಿನ್ ಸರಿಯಿದ್ದೂ ದೇಹದ ಕಬ್ಬಿಣದ ದಾಸ್ತಾನು ಖಾಲಿ ಇರಬಹುದು. ಆ ದಾಸ್ತಾನು ತೋರಿಸೋ ಟೆಸ್ಟ್ ಹೆಸರು ಫೆರಿಟಿನ್. ಜ್ವರ, ಸೋಂಕು ಇದ್ದಾಗ ಆ ಸಂಖ್ಯೆ ಸುಳ್ಳಾಗಿ ಏರುತ್ತೆ, ಹಾಗಾಗಿ ಯಾವಾಗ ಮಾಡಿಸಬೇಕು ಅಂತ ಡಾಕ್ಟರನ್ನೇ ಕೇಳಿ. ಕಬ್ಬಿಣದ ಮಾತ್ರೆ ನೀವೇ ಮೆಡಿಕಲ್‌ ಶಾಪಲ್ಲಿ ತಗೊಂಡು ನುಂಗಬೇಡಿ, ಹೆಚ್ಚಾದ್ರೂ ಕಷ್ಟ. ಇನ್ನೊಂದು, ನಮ್ಮೋರಿಗೆ ಬೇಜಾರಾಗೋ ವಿಷಯ: ಊಟ ಆದ ತಕ್ಷಣ ಕಾಫಿ, ಟೀ ಕುಡಿದ್ರೆ ಸೊಪ್ಪು, ಕಾಳಲ್ಲಿರೋ ಕಬ್ಬಿಣ ಮೈಗೆ ಸರಿಯಾಗಿ ಹಿಡಿಯಲ್ಲ. ಒಂದು ಗಂಟೆ ಬಿಟ್ಟು ಕುಡೀರಿ. ಸಾರಿಗೆ ನಿಂಬೆಹುಳಿ ಹಿಂಡಿ, ಅದರಿಂದ ಲಾಭ ಇದೆ.

ಥೈರಾಯಿಡ್ ಇನ್ನೊಂದು ಸಾಮಾನ್ಯ ಕಾರಣ. ಇಲ್ಲೊಂದು ಎಚ್ಚರಿಕೆ. ಕೂದಲಿಗೆ ಅಂತ ಮಾರೋ ಗಮ್ಮಿ, ಮಾತ್ರೆಗಳಲ್ಲಿ ಬಯೋಟಿನ್ ಇರುತ್ತೆ. ಅದು ಕೆಲವು ಥೈರಾಯಿಡ್ ಟೆಸ್ಟ್‌ಗಳ ಫಲಿತಾಂಶವನ್ನೇ ತಪ್ಪು ತೋರಿಸಬಹುದು. ಅಂದ್ರೆ ಕೂದಲಿಗೆ ಅಂತ ತಿಂದದ್ದೇ ಕೂದಲು ಉದುರೋ ಕಾರಣವನ್ನ ಮುಚ್ಚಿಡಬಹುದು. ಟೆಸ್ಟ್‌ಗೆ ಮುಂಚೆ ಡಾಕ್ಟರ್‌ಗೆ ಹೇಳಿ.

ಕ್ಯಾಲೆಂಡರ್ ಲೆಕ್ಕಕ್ಕೆ ಸಿಗದ ಕಾರಣಗಳೂ ಇವೆ. ರಾಶಿ ರಾಶಿ ಉದುರದೇ, ಬೈತಲೆ ಮಾತ್ರ ನಿಧಾನವಾಗಿ ಅಗಲ ಆಗ್ತಿದ್ರೆ ಅದು ವಂಶದಿಂದ ಬರೋದಿರಬಹುದು. ಜೊತೆಗೆ ಮುಟ್ಟು ಏರುಪೇರು, ಗಲ್ಲದ ಮೇಲೆ ಕೂದಲು, ಮೊಡವೆ ಇದ್ರೆ ಪಿಸಿಓಎಸ್ ಇದೆಯಾ ಅಂತ ನೋಡಿಸಿ. ಇದಕ್ಕೆ ಬೇಗ ಹೋದಷ್ಟೂ ಒಳ್ಳೇದು, ಯಾಕಂದ್ರೆ ಇದು ತಾನಾಗೇ ಸರಿಹೋಗಲ್ಲ. ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ನುಣ್ಣಗೆ ಹೋದ್ರೆ ‘ಹುಳ ತಿಂದಿದೆ’ ಅನ್ನೋರಿದ್ದಾರೆ. ಹುಳ ಅಲ್ಲ, ಬಹಳಷ್ಟು ಸಲ ಅದು ದೇಹದ ರೋಗನಿರೋಧಕ ಶಕ್ತಿ ಕೂದಲಿನ ಬುಡದ ಮೇಲೇ ತಿರುಗಿಬೀಳೋದು. ಬೆಳ್ಳುಳ್ಳಿ ಉಜ್ಜಿ ಚರ್ಮ ಸುಟ್ಕೋಬೇಡಿ. ಹಣೆ ಅಂಚಲ್ಲಿ, ಕಿವಿ ಮೇಲೆ ತೆಳ್ಳಗಾಗ್ತಿದ್ರೆ ಜಡೆ ಸಡಿಲ ಮಾಡಿ. ದಿನಾ ಬಿಗಿಯಾಗಿ ಎಳೆದು ಕಟ್ಟೋದು ವರ್ಷಗಟ್ಟಲೆ ಮುಂದುವರಿದ್ರೆ ಅಲ್ಲಿ ಮತ್ತೆ ಬರದೇನೂ ಇರಬಹುದು.

ರೂಮ್‌ಮೇಟ್ ಈಗ ಕಬ್ಬಿಣದ ಮಾತ್ರೆ ತಗೋತಿದ್ದಾಳೆ, ಮುಟ್ಟಿನ ತೊಂದರೆಗೆ ಸ್ತ್ರೀರೋಗ ತಜ್ಞರ ಹತ್ರ ಹೋಗ್ತಿದ್ದಾಳೆ. ಉದುರೋದು ಕಡಿಮೆಯಾಗಿದೆ. ಹಣೆ ಅಂಚಲ್ಲಿ ಗಿಡ್ಡ ಹೊಸ ಕೂದಲು ಎದ್ದು ನಿಂತಿದೆ, ಎಷ್ಟು ಎಣ್ಣೆ ಹಾಕಿದ್ರೂ ಮಲಗಲ್ಲ ಅಂತ ಗೊಣಗ್ತಾಳೆ. ತಿಂಗಳಿಗೆ ಬೆಳೆಯೋದು ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್, ಹಳೇ ಜಡೆ ಬರೋಕೆ ಸಮಯ ಬೇಕು.

ನೀವು ಡಾಕ್ಟರ್ ಹತ್ರ ಹೋಗೋದಾದ್ರೆ ಮೊದಲು ಫೋನ್ ಗ್ಯಾಲರಿ ತೆಗೆದು ಹಿಂದಿನ ಆರು ತಿಂಗಳ ಫೋಟೋ ನೋಡಿ. ಯಾವಾಗ ಹುಷಾರಿರಲಿಲ್ಲ, ಯಾವಾಗ ಡಯಟ್ ಶುರು ಮಾಡಿದ್ರಿ, ಯಾವ ಮಾತ್ರೆ ಹೊಸದಾಗಿ ತಗೊಂಡ್ರಿ, ನೆನಪಾಗುತ್ತೆ. ಅದನ್ನ ಮುಟ್ಟಿನ ತಾರೀಕುಗಳ ಜೊತೆ ನೋಟ್ಸಲ್ಲಿ ಬರ್ಕೊಂಡು ಹೋಗಿ. ಬೈತಲೆಯ ಹಳೇ ಫೋಟೋ ಸಿಕ್ಕಿದ್ರೆ ಅದನ್ನೂ ತೋರಿಸಿ. ಮುಂದಿನ ಎಪಿಸೋಡಲ್ಲಿ ಸಿಗೋಣ.